ಭೂನ್ಯಾಯ ಮಂಡಳಿಯ ಆದೇಶವಿದ್ದೂ ಉತಾರೆಯಲ್ಲಿ (ಪಹಣಿಯಲ್ಲಿ) ಹಳೆಯ ಮಾಲೀಕರ ಹೆಸರು: ಸರಿಪಡಿಸಿದ ಬಗೆ

ಬಾಗಲಕೋಟೆ ಜಿಲ್ಲೆಯ ನಮ್ಮೂರಿನಲ್ಲಿ ಅಜ್ಜ ಲಾವಣಿಗೆ (ಗೇಣಿಗೆ) ಮಾಡುತ್ತಿದ್ದ 4 ಎಕರೆ ಎರೆಹೊಲಕ್ಕೆ ಗೇಣಿದಾರರು ಹಕ್ಕು ಕೋರುವ ಅರ್ಜಿಯಾದ ನಮೂನೆ 7 ಸಲ್ಲಿಸಿ, ಭೂನ್ಯಾಯ ಮಂಡಳಿಯಿಂದ ಹಕ್ಕು ಪಡೆದಿದ್ದರು. ಆದರೂ ಉತಾರೆಯಲ್ಲಿ ಮಾಲೀಕರನ್ನು ತೋರಿಸುವ 9ನೇ ಕಾಲಂನಲ್ಲಿ ಹಳೆಯ ಮಾಲೀಕರ ಹೆಸರೇ ಉಳಿದು, ಅಜ್ಜನ ಹೆಸರು ಸಾಗುವಳಿದಾರರ 12ನೇ ಕಾಲಂನಲ್ಲಿ ಮಾತ್ರ ಇತ್ತು. ಮಾಲೀಕರ ಮೊಮ್ಮಕ್ಕಳು ವಾಟ್ನಿಗೆ (ಆಸ್ತಿ ಪಾಲಿಗೆ) ಮುಂದಾದಾಗ ಇದು ಬಯಲಾಯಿತು.

ಅಜ್ಜನ ಹೊಲವನ್ನು ವಾರಸುದಾರರಾದ ನಮ್ಮ ಹೆಸರಿಗೆ ಮಾಡಿಸುವ ವಾರಸಾ ಅರ್ಜಿ ಎರಡು ಬಾರಿ ತಿರಸ್ಕೃತವಾಯಿತು. 9ನೇ ಕಾಲಂನಲ್ಲಿ ಇಲ್ಲದವರ ವಾರಸಾ ಆಗದು ಎಂಬ ಕಾರಣ ಸರಿಯಾದುದೇ. ಹೊಸದಾಗಿ ನಮೂನೆ 7 ಕೊಡಲು ಗಡುವು 1979ರ ಜೂನ್ 30ಕ್ಕೇ ಮುಗಿದಿತ್ತು. ಸಿವಿಲ್ ದಾವೆಯೂ ನಿಲ್ಲಲಿಲ್ಲ, ಏಕೆಂದರೆ ಗೇಣಿಯ ಪ್ರಶ್ನೆಯನ್ನು ಆ ನ್ಯಾಯಾಲಯ ನಿರ್ಣಯಿಸದಂತೆ ಭೂಸುಧಾರಣಾ ಕಾಯ್ದೆಯ 132 ಮತ್ತು 133ನೇ ಕಲಂಗಳು ತಡೆಯುತ್ತವೆ.

ಫಲ ಕೊಟ್ಟದ್ದು ದಾಖಲೆಗಳ ಕ್ರಮ. ಮೊದಲು ತಾಲ್ಲೂಕು ದಾಖಲೆ ಕೊಠಡಿಯಿಂದ ಮಂಡಳಿಯ ಆದೇಶದ ದೃಢೀಕೃತ ನಕಲು ಪಡೆದೆ (1997ಕ್ಕೆ ಮುಂಚಿನ ಕಾಗದಗಳಲ್ಲಿ ಜಿಲ್ಲೆ ವಿಜಾಪುರವೆಂದೇ ಇರುತ್ತದೆ). ಅಲ್ಲಿದ್ದ ನಮೂನೆ 10ರಲ್ಲಿ (ಹಕ್ಕು ಸಿಕ್ಕಿದ ಪ್ರಮಾಣಪತ್ರ) ಸರ್ವೆ ನಂಬರಿನ ಜಾಗವನ್ನೇ ಗೆದ್ದಲು ತಿಂದಿತ್ತು. ಆದರೆ ಅದೇ ಕಾಯ್ದೆಯ 55ನೇ ಕಲಂ ಪ್ರಕಾರ ಅದರ ಪ್ರತಿಯನ್ನು ತಹಶೀಲ್ದಾರರು ನೋಂದಣಿಗೆ ಕಳಿಸಬೇಕಾದ್ದರಿಂದ, ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಿದಾಗ ಪೂರ್ಣ ಪ್ರತಿ ದೊರೆಯಿತು. ಆದೇಶದಲ್ಲಿದ್ದ 2ನೇ ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಈಗ 2ಅ ಮತ್ತು 2ಬ ಎಂದು ಒಡೆದಿತ್ತು; ಅದನ್ನು ಹೊಂದಿಸಲು ಭೂಮಾಪನ ಕಚೇರಿಯಿಂದ ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಹಿಸ್ಸಾ ಟಿಪ್ಪಣಿ (ಹಿಸ್ಸಾದ ಅಳತೆ ದಾಖಲೆ) ತೆಗೆಸಿದೆ.

ಅನಂತರ ವಾರಸಾ ಎಂದು ಬರೆಯದೆ, ಮಂಡಳಿಯ ಆದೇಶದನ್ವಯ ಅಜ್ಜನ ಹೆಸರಿಗೆ ಹಕ್ಕು ಬದಲಾವಣೆ ಎಂದೇ ಅರ್ಜಿ ಕೊಟ್ಟೆ. ಆ ಬದಲಾವಣೆಯ ನೋಂದು (ದಾಖಲೆ ನಮೂದು) ಪ್ರಮಾಣೀಕೃತವಾಗಿ, 9ನೇ ಕಾಲಂನಲ್ಲಿ ಅಜ್ಜನ ಹೆಸರು ಬಂದ ಉತಾರೆ ಕೈಸೇರಿದ ಮೇಲಷ್ಟೇ ವಂಶಾವಳಿಯೊಂದಿಗೆ ವಾರಸಾ ಅರ್ಜಿ ಹಾಕಿದೆ. ಈ ಬಾರಿ ಅಂಗೀಕೃತವಾಯಿತು.