ತುಳಿದು ಹಿಡಿದರೆ ಕುಸಿಯುವ ಪೆಡಲ್: ಮಾಸ್ಟರ್ ಸಿಲಿಂಡರ್ ಬದಲಾಯಿಸಿದ ನನ್ನ ಅನುಭವ

ಬ್ರೇಕ್ ಪೆಡಲನ್ನು ಜೋರಾಗಿ ತುಳಿದಾಗ ನನ್ನ ಹಳೆಯ ಕಾರು ಸರಿಯಾಗಿಯೇ ನಿಲ್ಲುತ್ತಿತ್ತು. ಆದರೆ ಗಾಡಿ ನಿಲ್ಲಿಸಿಕೊಂಡು ಪೆಡಲನ್ನು ಹಗುರವಾಗಿ ಒತ್ತಿ ಹಿಡಿದರೆ ಅದು ಕಾಲಡಿಯಲ್ಲಿ ನಿಧಾನವಾಗಿ ಕುಸಿಯುತ್ತಾ ತಳ ಮುಟ್ಟುತ್ತಿತ್ತು. ಇದು ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿಕೊಂಡದ್ದರ ಲಕ್ಷಣವಲ್ಲ. ಗಾಳಿ ಇದ್ದರೆ ಪೆಡಲ್ ಮೆತ್ತಗಿರುತ್ತದೆ, ಎರಡು ಮೂರು ಬಾರಿ ಪಂಪ್ ಮಾಡಿದರೆ ಮೇಲೇರಿ ಗಟ್ಟಿಯಾಗುತ್ತದೆ, ಒತ್ತಿ ಹಿಡಿದರೆ ಇದ್ದಲ್ಲೇ ನಿಲ್ಲುತ್ತದೆ. ನಾಲ್ಕೂ ಚಕ್ರಗಳ ಒಳಬದಿ, ರಬ್ಬರ್ ಹೋಸ್‌ಗಳು, ಪೈಪುಗಳ ಜೋಡಣೆಗಳು ಎಲ್ಲವೂ ಒಣಗಿದ್ದವು; ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟವೂ ಇಳಿದಿರಲಿಲ್ಲ. ಹಾಗಿದ್ದ ಮೇಲೆ, ಪೆಡಲಿನ ಬಲವನ್ನು ಆಯಿಲಿನ ಒತ್ತಡವಾಗಿಸಿ ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ನಿನ ರಬ್ಬರ್ ಕಪ್‌ನ ಅಂಚು ಸವೆದು, ಒತ್ತಡದಲ್ಲಿರುವ ಆಯಿಲ್ ಅದನ್ನು ದಾಟಿ ಹಿಂದಕ್ಕೆ ಸೋರುತ್ತಿದೆ ಎಂಬ ಕಾರಣವೊಂದೇ ಉಳಿಯಿತು. ಜೋರಾಗಿ ತುಳಿದಾಗ ಆ ಒತ್ತಡವೇ ಕಪ್‌ನ ಅಂಚನ್ನು ಗೋಡೆಗೆ ಅದುಮಿ ಹಿಡಿಯುವುದರಿಂದ ದೋಷ ಮರೆಯಾಗುತ್ತದೆ. ಆದ್ದರಿಂದ ಹಗುರವಾಗಿ ಒತ್ತಿ ಪರೀಕ್ಷಿಸುವುದನ್ನು ಯಾರೂ ಬಿಡಬಾರದು.

ಕಪ್‌ಗಳನ್ನು ಮಾತ್ರ ಬದಲಾಯಿಸುವ ಕಿಟ್ ಸಿಗುತ್ತದೆಯಾದರೂ ನಾನು ಇಡೀ ಸಿಲಿಂಡರನ್ನೇ ಹೊಸದಾಗಿ ಹಾಕಲು ನಿರ್ಧರಿಸಿದೆ. ಅಲ್ಯೂಮಿನಿಯಂ ಸಿಲಿಂಡರಿನ ಒಳಗೋಡೆಗೆ ಅನೋಡೈಸ್ ಮಾಡಿದ ಗಟ್ಟಿ ಪದರವಿರುತ್ತದೆ. ಗೀರುಗಳನ್ನು ತೆಗೆಯಲು ಅದನ್ನು ಉಜ್ಜಿದರೆ ಪದರ ಹೋಗಿ, ಹೊಸ ಕಪ್ ಕೂಡ ಬೇಗನೆ ಸವೆಯುತ್ತದೆ. ಹೊಸದನ್ನು ಕೊಳ್ಳುವಾಗ ಒಳವ್ಯಾಸ ಹಳೆಯದರಷ್ಟೇ ಇರಬೇಕು. 19.05 ಮಿ.ಮೀ. ಇದ್ದಲ್ಲಿ 20.64 ಮಿ.ಮೀ. ಹಾಕಿದರೆ ನೋಟಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ, ಆದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು ಶೇ. 17ರಷ್ಟು ಹೆಚ್ಚಿ, ಅದೇ ಕಾಲಿನ ಬಲಕ್ಕೆ ಸಿಗುವ ಒತ್ತಡ ಶೇ. 15ರಷ್ಟು ಕುಗ್ಗುತ್ತದೆ.

ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಆದ್ದರಿಂದ ಸುತ್ತಲಿನ ಲೋಹದ ಮೇಲೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ನೀರನ್ನು ಇಟ್ಟುಕೊಂಡು, ಡಬ್ಬಿಯ ಆಯಿಲನ್ನು ಸಿರಿಂಜಿನಿಂದ ಎಳೆದು ತೆಗೆದೆ. ಪೈಪುಗಳ ನಟ್‌ಗಳು ಮೆತ್ತನೆಯವು, ಅದರಲ್ಲೂ ವರ್ಷಗಟ್ಟಲೆ ಕದಲದೆ ಇದ್ದವು. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ನಟ್ಟನ್ನು ಸುತ್ತುವರಿದು ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರಿನಿಂದಲೇ ಬಿಚ್ಚಿದೆ.

ಹೊಸ ಸಿಲಿಂಡರನ್ನು ಕಾರಿಗೆ ಕೂರಿಸುವ ಮೊದಲು ಮೇಜಿನ ಮೇಲೆಯೇ ಅದರ ಗಾಳಿ ತೆಗೆಯಬೇಕು. ಈ ಹೆಜ್ಜೆಯನ್ನು ಬಿಟ್ಟವರು ಚಕ್ರಗಳ ಬಳಿ ಎಷ್ಟು ಆಯಿಲ್ ಸುರಿಸಿದರೂ ಪೆಡಲ್ ಮೆತ್ತಗೇ ಉಳಿಯಬಹುದು, ಏಕೆಂದರೆ ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಅಷ್ಟು ದೂರದಲ್ಲಿ, ಚಕ್ರದ ಬಳಿ ಗಾಳಿ ಹೊರಬಿಡಲು ಇರುವ ನಿಪ್ಪಲ್‌ವರೆಗೆ ಸುಲಭವಾಗಿ ಸಾಗುವುದಿಲ್ಲ. ಸಿಲಿಂಡರಿನ ಮೈಯನ್ನು ಹಿಡಿಸದೆ ಬೋಲ್ಟ್ ಹಾಕುವ ಕಿವಿಯನ್ನು ಮಾತ್ರ ವೈಸಿನಲ್ಲಿ ಹಿಡಿಸಿ, ಆಯಿಲ್ ಹೊರಹೋಗುವ ಎರಡೂ ರಂಧ್ರಗಳಿಂದ ಪಾರದರ್ಶಕ ಕೊಳವೆಗಳನ್ನು ಡಬ್ಬಿಯ ಆಯಿಲಿನೊಳಗೆ ಮುಳುಗುವಂತೆ ಇಳಿಬಿಟ್ಟು, ಮೊಂಡು ತುದಿಯ ಕಡ್ಡಿಯಿಂದ ಪಿಸ್ಟನ್ನನ್ನು ನಿಧಾನವಾಗಿ ಒತ್ತಿ ನಿಧಾನವಾಗಿಯೇ ಬಿಡುತ್ತಾ ಹೋದೆ. ಗುಳ್ಳೆಗಳು ಪೂರ್ತಿ ನಿಂತ ಮೇಲೆ ರಂಧ್ರಗಳನ್ನು ಮುಚ್ಚಿ ಒತ್ತಿದಾಗ ಪಿಸ್ಟನ್ ಕೆಲವೇ ಮಿಲಿಮೀಟರ್ ಸರಿದು ನಿಂತಿತು. ಅದೇ ಸರಿಯಾದ ಗುರುತು.

ಇನ್ನು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನಿಂದ ಪಿಸ್ಟನ್ನಿಗೆ ಬಲ ಮುಟ್ಟಿಸುವ ಕಡ್ಡಿಯ ವಿಷಯ. ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರಿಕೆ ಬೇಡುವುದು ಇದೇ ಎಂಬುದು ನನ್ನ ಅಭಿಪ್ರಾಯ. ಪೆಡಲ್ ಬಿಟ್ಟಾಗ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕಿರಿದಾದ ಅಂತರವಿರಬೇಕು. ಅಂತರವೇ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಡಬ್ಬಿಗೆ ತೆರೆದುಕೊಳ್ಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ; ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಮರಳಲು ದಾರಿಯಿಲ್ಲದೆ, ಕೆಲವು ಕಿಲೋಮೀಟರ್ ಓಡಿದ ಮೇಲೆ ಬ್ರೇಕ್‌ಗಳು ತಾವಾಗಿಯೇ ಹಿಡಿದುಕೊಳ್ಳತೊಡಗುತ್ತವೆ. ಅಂತರ ಅತಿಯಾದರೆ ಪೆಡಲಿನ ಮೊದಲ ಭಾಗ ಖಾಲಿ ಹೋಗುತ್ತದೆ. ಪಿಸ್ಟನ್ನಿನ ಕುಳಿಯಲ್ಲಿ ಚಿಟಿಕೆಯಷ್ಟು ಮೆತ್ತನೆಯ ಕ್ಲೇ ಇಟ್ಟು, ಸಿಲಿಂಡರನ್ನು ಒಮ್ಮೆ ಬಿಗಿದು ಬಿಚ್ಚಿ, ಉಳಿದ ಕ್ಲೇಯ ದಪ್ಪವನ್ನು ಅಳೆದು, ಕೈಪಿಡಿಯಲ್ಲಿರುವ ಅಂತರ ಬರುವವರೆಗೆ ಕಡ್ಡಿಯ ತುದಿಯ ಸ್ಕ್ರೂವನ್ನು ತಿರುಗಿಸಿ ಹೊಂದಿಸಿದೆ. ಆಮೇಲೆ ಕ್ಲೇಯ ಚೂರೂ ಉಳಿಯದಂತೆ ಒರೆಸಿದೆ.

ಕೂರಿಸುವಾಗ ಸಿಲಿಂಡರನ್ನು ಸಡಿಲವಾಗಿಯೇ ಇಟ್ಟು, ಪೈಪುಗಳ ನಟ್‌ಗಳನ್ನು ಬೆರಳಿನಿಂದಲೇ ಕೆಲವು ಸುತ್ತು ತಿರುಗಿಸಿದ ನಂತರ ಬೋಲ್ಟುಗಳನ್ನು ಬಿಗಿದೆ. ಮೊದಲೇ ಬಿಗಿದರೆ ಪೈಪ್ ಓರೆಯಾಗಿ ನಿಂತು ಅಲ್ಯೂಮಿನಿಯಂ ಸಿಲಿಂಡರಿನ ತಿರುಪಿನ ಎಳೆಗಳು ಕೆಡುವ ಅಪಾಯವಿದೆ.

ಚಕ್ರಗಳ ಬಳಿಯ ಬ್ರೇಕ್ ಪೈಪುಗಳಿಂದ ಗಾಳಿ ತೆಗೆಯಲು ಸೀಲ್ ಒಡೆಯದ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನೇ ತೆರೆದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಯುವ ಬಿಂದುವಿಗೆ, ನೀರು ಸೇರಿದ ಸ್ಥಿತಿಯಲ್ಲಿ ಮಾನದಂಡ ನಿಗದಿಪಡಿಸಿದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮುಗಳೊಳಗೆ ಒತ್ತುವ ಶೂಗಳನ್ನು ಮೊದಲೇ ಹೊಂದಿಸಿಕೊಂಡೆ, ಏಕೆಂದರೆ ಶೂ ಡ್ರಮ್ಮಿನಿಂದ ದೂರವಿದ್ದರೂ ಪೆಡಲ್ ಆಳಕ್ಕೆ ಹೋಗುತ್ತದೆ ಮತ್ತು ಅದನ್ನು ಗಾಳಿಯ ತಲೆಗೆ ಕಟ್ಟುವುದು ಸುಲಭ. ಹಿಂದಿನ ಆಕ್ಸಲ್ ಕೆಳಗೇ ಸ್ಟ್ಯಾಂಡ್ ಕೊಟ್ಟೆ. ಭಾರಕ್ಕೆ ತಕ್ಕಂತೆ ಕೆಲಸ ಮಾಡುವ ವಾಲ್ವ್ ಇರುವ ಕಾರುಗಳಲ್ಲಿ ಚಕ್ರಗಳು ಜೋತುಬಿದ್ದರೆ ಹಿಂದಕ್ಕೆ ಆಯಿಲ್ ಸರಿಯಾಗಿ ಹರಿಯುವುದಿಲ್ಲ.

ಇಂಜಿನ್ ನಿಲ್ಲಿಸಿ ನನ್ನ ತಮ್ಮನನ್ನು ಪೆಡಲ್ ಬಳಿ ಕೂರಿಸಿದೆ. "ಒತ್ತು" ಎಂದಾಗ ಅವನು ಒತ್ತಿ, "ಹಿಡಿದಿದ್ದೇನೆ" ಎಂದ ಮೇಲೆ ನಿಪ್ಪಲ್ ಬಿಚ್ಚುತ್ತಿದ್ದೆ. ಹರಿವು ನಿಲ್ಲುವ ಮೊದಲೇ ಮುಚ್ಚಿ "ಬಿಡು" ಎನ್ನುತ್ತಿದ್ದೆ. ಕೊಳವೆಯ ತುದಿ ಸದಾ ಬಾಟಲಿಯ ಆಯಿಲಿನಲ್ಲಿ ಮುಳುಗಿತ್ತು. ಸಾಮಾನ್ಯವಾಗಿ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ. ಆದರೆ ಕರ್ಣರೇಖೆಯಲ್ಲಿ ಎರಡಾಗಿ ಹಂಚಿದ ಪೈಪುಗಳಿರುವ ಕಾರುಗಳಲ್ಲಿ ಕ್ರಮ ಬೇರೆಯಾಗಬಹುದು, ಆದ್ದರಿಂದ ಕೈಪಿಡಿಯ ಕ್ರಮವನ್ನೇ ಅನುಸರಿಸಬೇಕು. ಡಬ್ಬಿ ಬರಿದಾದರೆ ಮಾಡಿದ್ದೆಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಚಕ್ರದ ನಡುವೆಯೂ ತುಂಬಿಸುತ್ತಾ ಹೋದೆ.

ಕೊನೆಗೆ ಪೆಡಲನ್ನು ಹಗುರವಾಗಿ ಒತ್ತಿ ಒಂದು ನಿಮಿಷ ಹಿಡಿದೆ, ಅದು ಕದಲಲಿಲ್ಲ. ಒತ್ತಿ ಹಿಡಿದೇ ಇಂಜಿನ್ ಚಾಲೂ ಮಾಡಿದಾಗ ಸ್ವಲ್ಪ ತಗ್ಗಿ ನಿಂತಿತು, ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು. ಖಾಲಿ ಜಾಗದಲ್ಲಿ ಮೆಲ್ಲಗೆ ಓಡಿಸಿ ನಿಲ್ಲಿಸಿ ನೋಡಿದ ನಂತರವೇ ರಸ್ತೆಗೆ ತಂದು, ಹಿಂದಿರುಗಿದ ಮೇಲೆ ಚಕ್ರಗಳಲ್ಲಿ ಯಾವುದಾದರೂ ಉಳಿದವುಗಳಿಗಿಂತ ಬಿಸಿಯಾಗಿದೆಯೇ ಎಂದು ಪರೀಕ್ಷಿಸಿ, ಪ್ರತಿ ಜೋಡಣೆಯನ್ನೂ ಬಿಳಿ ಕಾಗದದಿಂದ ಒರೆಸಿ ನೋಡಿದೆ. ಕಾಗದ ಒಣಗಿಯೇ ಇತ್ತು.