ನಾನೇ ಸುತ್ತಿದ 35 ಓಮ್ ಕಂಟ್ರೋಲರ್: ನನ್ನ ಅನುಭವ

ಈ ಸಲ ಶರಣಬಸವೇಶ್ವರ ಜಾತ್ರೆಗೆ ಹೈದರಾಬಾದಿನಿಂದ ಸ್ಲಾಟ್ ಕಾರಿನ ಮೂವರು ಗೆಳೆಯರು ಕಲಬುರಗಿಗೆ ಬಂದಿದ್ದರು. ಸ್ಲಾಟ್ ಕಾರು ಅಂದರೆ ಟ್ರ್ಯಾಕಿನ ಸೀಳಿನಲ್ಲಿ (ಸ್ಲಾಟ್) ಓಡುವ ಆಟದ ಕರೆಂಟ್ ಕಾರು; ಕೈಯಲ್ಲಿ ಹಿಡಿದು ಟ್ರಿಗರ್ ಒತ್ತಿ ಅದರ ವೇಗ ಬದಲಿಸುವುದು ಕಂಟ್ರೋಲರ್. ತೇರು ನೋಡಿಕೊಂಡು ರಾತ್ರಿ ನಮ್ಮ ಮಾಳಿಗೆ ಮೇಲಿನ ಕೋಣೆಗೆ ಬಂದರು. ಇಬ್ಬರ ಕೈಯಲ್ಲಿ ಹೊರದೇಶದ ಎಲೆಕ್ಟ್ರಾನಿಕ್ ಕಂಟ್ರೋಲರ್. ನನ್ನ ಕೈಯಲ್ಲಿ ಬೇವಿನ ಕಟ್ಟಿಗೆ ಹಿಡಿಕೆಯ, ನಾನೇ ಸುತ್ತಿದ ಕಂಟ್ರೋಲರ್. ಎರಡು ವರ್ಷದ ಹಿಂದೆ "ತಂತಿ ಸುತ್ತಿ ರೇಸ್ ಕಂಟ್ರೋಲರ್ ಮಾಡೋದು ಆಗದ ಕೆಲಸ, ಸುಮ್ನೆ ದುಡ್ಡು ಕೂಡಿಟ್ಟು ಇನ್ನೊಂದು ತರಿಸಿ" ಅಂದವರು ಇವರೇ. ಈ ಸಲ ಜಾತ್ರೆಯ ರಾತ್ರಿ 50 ಲ್ಯಾಪಿನ ನಾಲ್ಕು ಓಟ ಆದವು. ಮೂರು ನಾನು ಗೆದ್ದೆ. ಹೋಗುವಾಗ ಒಬ್ಬರು ಅದನ್ನು ಬಿಚ್ಚಿ ತೋರಿಸಿ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಕೂಲರ್ ಮೋಟರ್, ಉಳಿದ ದಿನ ಪಂಪ್‌ಸೆಟ್. ಟ್ರ್ಯಾಕ್ ಪ್ಲೈವುಡ್ಡಿನದು, ಎರಡು ಲೇನ್, ಒಂದು ಸುತ್ತು ಸುಮಾರು 11 ಮೀಟರ್. ಶಹಾಬಾದ್ ಕಲ್ಲಿನ ನೆಲದ ಮೇಲೆ ಸ್ಟ್ಯಾಂಡ್ ಇಟ್ಟು ಕೂರಿಸಿದ್ದೇನೆ. ಕಾರುಗಳು 1/32 ಅಳತೆಯವು, ಹೆಚ್ಚಿನವು ಸ್ಕೇಲೆಕ್ಸ್‌ಟ್ರಿಕ್. ಕಾರನ್ನು ಟ್ರ್ಯಾಕಿಗೆ ಎಳೆದು ಹಿಡಿಯುವ ಮ್ಯಾಗ್ನೆಟ್ ತೆಗೆದೇ ಓಡಿಸುತ್ತೇನೆ. ಮ್ಯಾಗ್ನೆಟ್ ಇದ್ದರೆ ಟ್ರಿಗರ್ ಒತ್ತಿ ಹಿಡಿದರೂ ಕಾರು ತಿರುವು ದಾಟುತ್ತದೆ. ತೆಗೆದರೆ ಬೆರಳಿನ ಕೆಲಸ ಶುರುವಾಗುತ್ತದೆ, ಕಂಟ್ರೋಲರಿನ ಬೆಲೆಯೂ ಆಗಲೇ ಗೊತ್ತಾಗುವುದು.

ಮೊದಲು ದುಡ್ಡು ಹೋದ ಕಥೆ. ಸೆಟ್ಟಿನ ಜೊತೆ ಬಂದ ಕಂಟ್ರೋಲರಿನಲ್ಲಿ ಟ್ರಿಗರ್ ಅರ್ಧ ಬರುವ ತನಕ ಕಾರು ಅಲುಗುತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಹಾರುತ್ತಿತ್ತು. ಬೇಸತ್ತು ಪರಿಚಯದವರ ಮೂಲಕ ಹೊರಗಿನಿಂದ ಒಂದು ಎಲೆಕ್ಟ್ರಾನಿಕ್ ಕಂಟ್ರೋಲರ್ ತರಿಸಿದೆ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ 14 ಸಾವಿರದ ಹತ್ತಿರ ಬಿತ್ತು. ಚೆನ್ನಾಗಿಯೇ ಓಡಿತು, ಮೂರು ವಾರ. ಒಂದು ದಿನ ಟ್ರ್ಯಾಕಿಗೆ ಕರೆಂಟ್ ಕೊಡುವ ಬ್ಯಾಟರಿ ಬಿಚ್ಚಿ ನೀರು ಹಾಕಿ ಮತ್ತೆ ಜೋಡಿಸುವಾಗ ಪ್ಲಸ್ ಮೈನಸ್ ಅದಲುಬದಲಾಯಿತು. ತಪ್ಪು ನನ್ನದೇ. ಟ್ರಾನ್ಸಿಸ್ಟರ್ ಸತ್ತಿತು, ಅದರ ಜೊತೆ ಬೋರ್ಡಿನ ಇನ್ನೂ ಏನೇನೋ ಹೋಯಿತು. ಟ್ರಾನ್ಸಿಸ್ಟರ್ ಬದಲಿಸಿದರೂ ಟ್ರಿಗರ್ ಬಿಟ್ಟಾಗ ಕಾರು ತೆವಳುವುದು ನಿಲ್ಲಲಿಲ್ಲ. ರಿಪೇರಿಗೆ ವಾಪಸ್ ಕಳಿಸಿದರೆ ಹೋಗಿ ಬರುವ ಖರ್ಚೇ ಐದಾರು ಸಾವಿರ. ಕಪಾಟಿನಲ್ಲಿಟ್ಟೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಅಗ್ಗದ ದಾರಿ ಹುಡುಕಿದೆ. ಫ್ಯಾನ್ ರೆಗ್ಯುಲೇಟರ್ ಹಾಕಿ ನೋಡಿದೆ. ಅದರಲ್ಲಿರುವುದು ಟ್ರಯಾಕ್, ಎಸಿ ಕರೆಂಟಿಗೆ ಮಾಡಿದ ಸ್ವಿಚ್. ಡಿಸಿಯಲ್ಲಿ ಒಮ್ಮೆ ಆನ್ ಆದರೆ ಕರೆಂಟ್ ನಿಲ್ಲುವ ತನಕ ಆಫ್ ಆಗುವುದಿಲ್ಲ. ಕಾರು ನೇರ ಗೋಡೆಗೆ ಹೋಯಿತು. ನಂತರ 200 ರೂಪಾಯಿಯ ಪಿಡಬ್ಲ್ಯುಎಂ ಮಾಡ್ಯೂಲ್, ಅಂದರೆ ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡಿ ವೇಗ ಬದಲಿಸುವ ಬೋರ್ಡ್. ಮೋಟರ್ ಸೊಳ್ಳೆಯಂತೆ ಗುಂಯ್‌ಗುಟ್ಟಿತು, ಸ್ಪೀಡ್ ಏನೋ ಸಿಕ್ಕಿತು, ಆದರೆ ಬ್ರೇಕ್ ಇಲ್ಲ, ಅಂದರೆ ಟ್ರಿಗರ್ ಬಿಟ್ಟ ಕೂಡಲೇ ಕಾರು ನಿಲ್ಲುವುದಿಲ್ಲ. ಮಾಡ್ಯೂಲ್ ಮೈನಸ್ ಕಡೆಯಿಂದ ಸ್ವಿಚ್ ಮಾಡುತ್ತದೆ, ನನ್ನ ಟ್ರ್ಯಾಕಿನ ಬ್ರೇಕ್ ತಂತಿಯೂ ಮೈನಸ್ಸಿಗೇ. ಎರಡನ್ನೂ ಒಂದು ಮಾಡಲು ಹೋಗಿ ನಾಲ್ಕು ಮಾಡ್ಯೂಲ್ ಸುಟ್ಟೆ.

ಆಗ ಅನ್ನಿಸಿತು, ಅಂಗಡಿಯಲ್ಲಿ ದಿನಾ ಸುತ್ತುವುದು ತಂತಿಯನ್ನೇ ಅಲ್ವಾ? ಇದನ್ನೂ ಸುತ್ತೋಣ. ಟ್ರಿಗರ್ ಒತ್ತಿದಂತೆ ವೈಪರ್ ಅನ್ನೋ ನಾಲಿಗೆ ತಂತಿ ಸುರುಳಿಯ ಮೇಲೆ ಜಾರಿ, ಓಮ್ (ಕರೆಂಟಿಗೆ ತಡೆ) ಕಮ್ಮಿ ಮಾಡುತ್ತಾ ಕಾರಿನ ವೇಗ ಏರಿಸಬೇಕು, ಅಷ್ಟೇ.

ಕೈಗೆ ಮೊದಲು ಸಿಕ್ಕಿದ್ದು ಹಳೆಯ ಇಸ್ತ್ರಿ ಪೆಟ್ಟಿಗೆಯ ಎಲಿಮೆಂಟ್. 750 ವ್ಯಾಟಿನದು ಸುಮಾರು 70 ಓಮ್ ಬರುತ್ತದೆ. ಅರ್ಧ ಕತ್ತರಿಸಿದರೆ 35. ಲೆಕ್ಕ ಸರಿ ಇತ್ತು. ಆದರೆ ಅದು ಚಪ್ಪಟೆ ಪಟ್ಟಿ, ಮೈಕಾ ಮೇಲೆ ಅಂತರ ಬಿಟ್ಟು ಸುತ್ತಿರುತ್ತಾರೆ. ವೈಪರ್ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಸಂದಿಯಲ್ಲಿ ಕರೆಂಟ್ ಕಡಿದು ಕಾರು ಬಿಕ್ಕಳಿಸಿದಂತೆ ಹೋಗುತ್ತಿತ್ತು. ನಮ್ಮಕ್ಕನ ಮಗ ನೋಡಿ, "ಮಾಮಾ, ಬಿಟ್ಬಿಡ್ರಿ ಇದನ್ನ, ಆಗಂಗಿಲ್ಲ" ಅಂದ. ಅವನು ಪಾಲಿಟೆಕ್ನಿಕ್ ಓದುವ ಹುಡುಗ, ಅವನ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. ನಾನು ಬಿಡಲಿಲ್ಲ.

ಹೈದರಾಬಾದಿಗೆ ಬೇರಿಂಗ್ ತರಲು ಹೋದಾಗ ಕೋಠಿಯ ಗುಜರಾತಿ ಗಲ್ಲಿಯಲ್ಲಿ 28 ಗೇಜಿನ ಹೊಸ ನೈಕ್ರೋಮ್ ತಂತಿ ತಂದೆ. ಮೀಟರಿಗೆ ಹತ್ತು ಓಮ್ ಆಸುಪಾಸು. 35 ಓಮಿಗೆ ಮೂರೂವರೆ ಮೀಟರ್ ಸಾಕು. 18 ಎಂಎಂ ಅಗಲದ ಪಟ್ಟಿಯ ಮೇಲೆ ಸುತ್ತಿದರೆ ತೊಂಬತ್ತರ ಹತ್ತಿರ ಸುತ್ತು ಬರುತ್ತವೆ. ಸುತ್ತಿಗೆ ಸುತ್ತು ತಾಗಿಸಿ ಕೂರಿಸಿದರೆ ಮೂರೂವರೆ ಸೆಂಟಿಮೀಟರ್ ಉದ್ದ. ಟ್ರಿಗರ್ ಓಡಾಡುವುದೂ ಅಷ್ಟೇ. ಇದನ್ನು ಅಳೆದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಸುತ್ತುಗಳು ಒಂದಕ್ಕೊಂದು ತಾಗಿದರೆ ಶಾರ್ಟ್ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ, ತಂತಿ ಬೆಳ್ಳಗಿದ್ದರೆ. ನನ್ನ ಮೊದಲ ಸುತ್ತು ಮೀಟರಿನಲ್ಲಿ ನಾಲ್ಕೈದು ಓಮ್ ತೋರಿಸಿತು. ನೈಕ್ರೋಮ್ ಕೆಂಪಗೆ ಕಾದರೆ ಮೈಮೇಲೆ ಕಪ್ಪು ಪದರ ಕೂರುತ್ತದೆ. ಆ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಮೂರೂವರೆ ಮೀಟರ್ ತಂತಿಯನ್ನು ಎರಡು ಪಿಂಗಾಣಿ ಗುಂಡಿಗೆ ಅಡ್ಡಡ್ಡ ಎಳೆದು ಕಟ್ಟಿದೆ. ಅಂಗಡಿಯ ಡಿಮ್ಮರ್‌ಸ್ಟ್ಯಾಟಿನಿಂದ (ವೋಲ್ಟ್ ಏರಿಳಿಸುವ ಯಂತ್ರ) ವೋಲ್ಟ್ ಮೆಲ್ಲಗೆ ಏರಿಸಿದೆ. 140 ವೋಲ್ಟ್ ದಾಟುವಾಗ ತಂತಿ ಮಬ್ಬುಗೆಂಪಾಯಿತು. ಹತ್ತಿರ ಯಾರನ್ನೂ ಬಿಡಬೇಡಿ, ನೀವೂ ಮುಟ್ಟಬೇಡಿ. ಡಿಮ್ಮರ್‌ಸ್ಟ್ಯಾಟಿನಿಂದ ಬರುವ ಕರೆಂಟು ಮೇನ್ಸಿನದೇ. ಎಷ್ಟು ಹೊತ್ತು ಇಡಬೇಕು, ಎಷ್ಟು ಸಲ ಕಾಯಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಆರಿದ ಮೇಲೆ ತಂತಿ ಬೂದು ಕಪ್ಪಾಗಿತ್ತು. ಸುತ್ತಿದೆ. ವೈಪರ್ ಓಡುವ ಜಾಗದಲ್ಲಿ ಮಾತ್ರ, ಅಂದರೆ ಮೂರು ಎಂಎಂ ಅಗಲದ ಒಂದು ಗೆರೆಯಲ್ಲಿ, ನುಣುಪು ಎಮರಿ ಕಾಗದದಿಂದ ಉಜ್ಜಿದೆ. ಕಪ್ಪು ಸುರುಳಿಯ ಮಧ್ಯೆ ಬೆಳ್ಳಿ ಗೆರೆ ಮೂಡಿತು. ಮೀಟರ್ ಇಟ್ಟೆ. 36 ತೋರಿಸಿತು.

ತಂತಿ ಸುತ್ತುವ ಪಟ್ಟಿಗೆ ಮೊದಲು ಹೈಲಂ (ಕರೆಂಟ್ ಹರಿಯದ ಗಟ್ಟಿ ಶೀಟ್) ಹಾಕಿದ್ದೆ. 25 ಓಮಿನದ್ದು ಮಾಡಿದಾಗ ಬಿಸಿಗೆ ಕಂದು ತಿರುಗಿ ವಾಸನೆ ಬಂತು. ಈಗ ಹೈಲಂ ಮೇಲೆ ಮೈಕಾ ಸುತ್ತಿ ಅದರ ಮೇಲೆ ತಂತಿ. ವೈಪರಿಗೆ ಮಿಕ್ಸರಿನ ಕಾರ್ಬನ್ ಬ್ರಷ್ ಹಾಕಿದ್ದು ದೊಡ್ಡ ತಪ್ಪು. ಜಾರುವುದು ಬೆಣ್ಣೆ ಹಾಗೆ, ಆದರೆ ಕಾರ್ಬನ್ನಿನಲ್ಲೇ ಸ್ವಲ್ಪ ವೋಲ್ಟ್ ತಿಂದುಹೋಗುತ್ತದೆ. ಬ್ರೇಕ್ ಮೆತ್ತಗಾಯಿತು. ಹಳೆಯ ರಿಲೇಯ ಫಾಸ್ಫರ್ ಬ್ರಾಂಝ್ ಪಟ್ಟಿ ಹಾಕಿದ ಮೇಲೆ ಸರಿಹೋಯಿತು.

ಆದರೂ ಒಂದು ಕೊರತೆ ಇತ್ತು. ಮೊದಲರ್ಧ ಟ್ರಿಗರಿನಲ್ಲಿ ವೇಗ ಹೆಚ್ಚು ಬದಲಾಗುತ್ತಿರಲಿಲ್ಲ, ಕೊನೆಯ ಒಂದು ಸೆಂಟಿಮೀಟರಿನಲ್ಲಿ ಎಲ್ಲ ಬದಲಾಗುತ್ತಿತ್ತು. ಉದ್ದ ತಿರುವಿನಲ್ಲಿ ಬೆರಳು ಕೂದಲೆಳೆ ಅಲುಗಿದರೆ ಕಾರು ಸ್ಲಾಟ್ ಬಿಟ್ಟು ಹೊರಗೆ. ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಆಮೇಲೆ ಪಟ್ಟಿಯನ್ನೇ ಓರೆಯಾಗಿ ಕತ್ತರಿಸಿದೆ. ಫುಲ್ ಸ್ಪೀಡ್ ತುದಿಯ ಕಡೆ ಕಿರಿದು, ಬ್ರೇಕ್ ಕಡೆ ಅಗಲ. ಕಿರಿದಾದ ಕಡೆ ಒಂದೊಂದು ಸುತ್ತಿನ ತಂತಿ ಕಮ್ಮಿ, ಹಾಗಾಗಿ ಓಮ್ ಕಮ್ಮಿ ಕಮ್ಮಿಯಾಗಿ ಇಳಿಯುತ್ತದೆ. ತಿರುವಿನಲ್ಲಿ ಕಾರನ್ನು ಹಿಡಿದಿಡುವ ಜಾಗ ಟ್ರಿಗರಿನಲ್ಲಿ ಈಗ ಬೆರಳಗಲ ಸಿಗುತ್ತದೆ. ಎಷ್ಟು ಓರೆ ಅಂತ ಹೇಳಲ್ಲ. ಏಳು ಪಟ್ಟಿ ಹಾಳು ಮಾಡಿ ಕಂಡುಕೊಂಡಿದ್ದು ಅದು. ಲ್ಯಾಪ್ 6.2 ಸೆಕೆಂಡಿನ ಆಸುಪಾಸು ಇದ್ದದ್ದು 5.7ಕ್ಕೆ ಬಂತು.

ಬ್ರೇಕಿನ ತಂತಿಗೆ 25 ಓಮಿನ ವೈರ್‌ವೌಂಡ್ ಪಾಟ್ (ತಿರುಗಿಸಿ ಓಮ್ ಬದಲಿಸುವ ಗುಂಡಿ) ಹಾಕಿದ್ದೇನೆ. ಸೊನ್ನೆಯಲ್ಲಿ ಪೂರ್ತಿ ಬ್ರೇಕ್, ತಿರುಗಿಸಿದಷ್ಟೂ ಕಾರು ಹೆಚ್ಚು ಉರುಳುತ್ತದೆ. ನನ್ನ ಟ್ರ್ಯಾಕಿಗೆ ಐದಾರು ಓಮ್ ಹಿತ. ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಬ್ರೇಕ್ ತಂತಿಯಲ್ಲಿ ಎರಡು ಪೆನ್‌ಸಿಲ್ ಸೆಲ್ ಉಲ್ಟಾ ಸೇರಿಸಿದೆ, ಬ್ರೇಕ್ ಇನ್ನೂ ಗಟ್ಟಿಯಾಗಲಿ ಅಂತ. ಗಟ್ಟಿ ಏನೋ ಆಯಿತು, ಹಿಂದಿನ ಟೈರ್ ಹಿಡಿದು ಬಾಲ ಹೊರಗೆ ಬೀಸಿತು. ಟ್ರಿಗರ್ ಬಿಟ್ಟು ಸುಮ್ಮನಿದ್ದರೆ ಕಾರು ನಿಂತು, ಮೆಲ್ಲಗೆ ಹಿಂದಕ್ಕೆ ಹೊರಟಿತು. ಅಕ್ಕನ ಮಗ ಇವತ್ತಿಗೂ ಅದನ್ನೇ ಮಾಡಿ ತೋರಿಸಿ ಅಂತಾನೆ.

ವೈರಿಂಗ್ ಬಗ್ಗೆ ಒಂದೇ ಮಾತು. ವೈಪರಿನ ತಂತಿ ಮತ್ತು ಬ್ರೇಕ್ ತಂತಿ ಅದಲುಬದಲು ಮಾಡಿ ಫುಲ್ ಟ್ರಿಗರ್ ಒತ್ತಿದರೆ ಬ್ಯಾಟರಿ ನೇರ ಶಾರ್ಟ್. ನಾನು ಮಾಡಿದ್ದೇನೆ. ಅದೂ 150 ಎಎಚ್ ಇನ್ವರ್ಟರ್ ಬ್ಯಾಟರಿ, ಫ್ಯೂಸ್ ಇಲ್ಲದೆ. ವೈಪರ್ ಕಣ್ಣೆದುರೇ ಕರಗಿ ಬೆರಳು ಸುಟ್ಟಿತು. ಈಗ ಪ್ರತಿ ಲೇನಿಗೆ 3 ಆಂಪಿಯರ್ ಫ್ಯೂಸ್ ಇದೆ. ಕಂಟ್ರೋಲರ್ ಮಾಡುವ ಮೊದಲು ಫ್ಯೂಸ್ ಹಾಕಿ.

ಬ್ಯಾಟರಿ ಯಾಕೆ ಅಂದರೆ, ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಅದಲ್ಲದೆ ಹಳೆ ಕಂಪ್ಯೂಟರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಎರಡು ಕಾರು ಒಟ್ಟಿಗೆ ಹೊರಟಾಗ ಉಸಿರು ಕಟ್ಟುತ್ತಿತ್ತು. ಬ್ಯಾಟರಿಯಲ್ಲಿ ಆ ಕಾಟ ಇಲ್ಲ. ಆದರೆ ಚಾರ್ಜ್ ಆಗುತ್ತಿರುವಾಗ ಓಡಿಸಬೇಡಿ. ವೋಲ್ಟ್ 14ರ ತನಕ ಏರುತ್ತದೆ, ಅಲ್ಲಿಯ ತನಕ ಕೈಗೆ ಕೂತಿದ್ದ ಲೆಕ್ಕವೆಲ್ಲ ತಪ್ಪುತ್ತದೆ.

ಓಮ್ ಆರಿಸುವುದಕ್ಕೆ ನಾನು ಪುಸ್ತಕ ನೋಡುವುದಿಲ್ಲ. ಟ್ರಿಗರ್ ಬಹಳ ದೂರ ಬಂದರೂ ಕಾರು ಅಲುಗದಿದ್ದರೆ ಓಮ್ ಜಾಸ್ತಿ. ಮುಟ್ಟಿದ ಕೂಡಲೇ ಜಿಗಿದರೆ ಕಮ್ಮಿ. ಕಾಲು ಭಾಗಕ್ಕೆ ಬಂದಾಗ ಕಾರು ಮೆಲ್ಲಗೆ ಹೊರಡಬೇಕು. ನನ್ನ ಹತ್ತಿರ ಈಗ ಮೂರಿವೆ: ಹೆಚ್ಚು ಕರೆಂಟ್ ಎಳೆಯುವ ಜೋರು ಮೋಟರಿನ ಕಾರಿಗೆ 25, ಸಾದಾ ಮೋಟರಿನ ಹಗುರ ಕಾರಿಗೆ 45, ಉಳಿದಿದ್ದಕ್ಕೆಲ್ಲ 35. ಕೈ ಹೋಗುವುದು ಯಾವಾಗಲೂ 35ಕ್ಕೇ.

ತೊಗರಿ ರಾಶಿ ದಿನಗಳಲ್ಲಿ ಊರೆಲ್ಲ ಧೂಳು. ಆಗ ವಾರಕ್ಕೊಮ್ಮೆ ಬೆಳ್ಳಿ ಗೆರೆಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒಣ ಬ್ರಷ್ ಆಡಿಸುತ್ತೇನೆ. ಎಣ್ಣೆ ಹಾಕಬೇಡಿ, ಧೂಳು ಹಿಡಿದು ಕೆಸರಾಗುತ್ತದೆ.

ಖರ್ಚು ಒಂದಕ್ಕೆ ಹೀಗೆ: ತಂತಿ 100 ರೂಪಾಯಿ ಒಳಗೆ, ಪಾಟ್ 150, ಬಡಿಗೇರರಿಗೆ ಹಿಡಿಕೆಗೆ 200, ಮೆತ್ತನೆಯ ಮೂರು ತಂತಿ ಮತ್ತು ಕ್ಲಿಪ್ 120 ಇರಬಹುದು. ಆರು ನೂರಕ್ಕೆ ಮುಗಿಯುತ್ತದೆ. ಅದಕ್ಕೂ ಮೊದಲು ಕಳೆದದ್ದು 20 ಸಾವಿರದ ಹತ್ತಿರ. ಹೈದರಾಬಾದಿನ ಗೆಳೆಯರು ಎರಡು ಕಂಟ್ರೋಲರ್ ಮಾಡಿಕೊಡಿ ಅಂತ ಮುಂಗಡ ಕೊಟ್ಟು ಹೋಗಿದ್ದಾರೆ. ಒಬ್ಬರು ಎಡಗೈಯವರು. ಅವರದ್ದಕ್ಕೆ ಹಿಡಿಕೆ ಬೇರೆ ಕೆತ್ತಿಸಬೇಕು, ಅದಕ್ಕೇ ಬಡಿಗೇರರ ಹತ್ತಿರ ಹೊರಟಿದ್ದೇನೆ.