ಕರುಳಿನ ಕ್ಯಾನ್ಸರ್: ಮೈ ಕರಗದಂತೆ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ದೊಡ್ಡ ಕರುಳಿನ ಕ್ಯಾನ್ಸರ್ ಆದವರು ಸೊರಗುವುದು ಊಟ ಸೇರದೆ ಮಾತ್ರವಲ್ಲ. ಕಾಯಿಲೆ ಎಬ್ಬಿಸುವ ಉರಿಯೂತ ಹಸಿವನ್ನು ಅಡಗಿಸಿ ಸ್ನಾಯುವನ್ನೇ ಕರಗಿಸುತ್ತದೆ. ಆದ್ದರಿಂದ ‘ಉಣ್ಣುವುದಿಲ್ಲ’ ಎಂದು ರೋಗಿಯನ್ನು ಗದರಬೇಡಿ.

ಇದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾಲೂ ಇದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ತಿಂದ ನಾರನ್ನು ಕೆಲವು ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಆಗಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ಕೀಮೋ (ಕ್ಯಾನ್ಸರ್‌ನ ಔಷಧ ಚಿಕಿತ್ಸೆ), ಆ್ಯಂಟಿಬಯಾಟಿಕ್, ಅರೆಹೊಟ್ಟೆಯಿಂದ ಈ ಬ್ಯಾಕ್ಟೀರಿಯಾಗಳು ಕುಗ್ಗಿದರೆ ಒಳಪದರ ಸಡಿಲಾಗಿ, ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕಿಳಿದು ಉರಿಯೂತ ಇನ್ನೂ ಏರಬಹುದು.

ಮೊದಲು ತೂಕ. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ನಂತರ, ಒಂದೇ ಯಂತ್ರದಲ್ಲಿ ನೋಡಿ ಬರೆದಿಡಿ. 6 ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು, ಅಂದರೆ 60 ಕೆ.ಜಿ.ಯವರಲ್ಲಿ 3 ಕೆ.ಜಿ. ದಾಟಿ ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಚಿಕಿತ್ಸೆಗೆ ಶಿರಸಿಯಿಂದ ಹುಬ್ಬಳ್ಳಿಗೋ ಕಾರವಾರದಿಂದ ಗೋವಾಕ್ಕೋ ಹೋಗುವಾಗ ಆ ಚೀಟಿ ಜೊತೆಗಿರಲಿ. ಕಾಲು, ಹೊಟ್ಟೆ ಊದಿಕೊಂಡಿದ್ದರೆ ತೂಕವನ್ನು ನಂಬಬೇಡಿ. ನೀರಿನ ಭಾರ ಸ್ನಾಯು ಕರಗಿದ್ದನ್ನು ಮರೆಮಾಚುತ್ತದೆ.

ಎರಡನೆಯದು ಪ್ರೋಟೀನ್. ಮೂತ್ರಪಿಂಡ ಸರಿಯಿದ್ದವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.5 ಗ್ರಾಂ ಬೇಕು. 60 ಕೆ.ಜಿ.ಯವರಿಗೆ 60ರಿಂದ 90 ಗ್ರಾಂ. 100 ಗ್ರಾಂ ಬಂಗಡೆಯಲ್ಲಿ ಸುಮಾರು 20, ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6 ಗ್ರಾಂ ಸಿಗುತ್ತದೆ. ಮೀನು, ಮೊಟ್ಟೆ ತಿನ್ನದ ಮನೆಗಳಲ್ಲಿ ಪನೀರ್, ಶೇಂಗಾ, ಗಟ್ಟಿ ತೊವ್ವೆ ಹೆಚ್ಚಬೇಕು. ಬರೀ ಗಂಜಿ–ಉಪ್ಪಿನಕಾಯಿಯಲ್ಲಿ ಇದು ಹುಟ್ಟುವುದಿಲ್ಲ. ಗಂಜಿಗೆ ಹೆಸರುಬೇಳೆ ಬೇಯಿಸಿ ಹಾಕಿ, ಮೇಲೊಂದು ಚಮಚ ತುಪ್ಪ ಬಿಡಿ. ಮೂರು ಊಟದ ಬದಲು ಆರು ಸಣ್ಣ ಊಟ ಕೊಡಿ.

ಮೂರನೆಯದು ನಾರು. ಕರುಳು ಕಿರಿದಾದವರು, ಕರುಳನ್ನು ತೆರೆದಿಡುವ ಕೊಳವೆ (ಸ್ಟೆಂಟ್) ಇರುವವರು, ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ಒಪ್ಪಿಗೆ ಸಿಕ್ಕರೆ ಸಿಪ್ಪೆ ತೆಗೆದು ಮೆತ್ತಗೆ ಬೇಯಿಸಿದ ಸೋರೆಕಾಯಿ, ಪಡವಲಕಾಯಿ, ಬೇಳೆ ಎರಡು ಚಮಚದಿಂದ ಶುರುವಾಗಲಿ. ಹೊಟ್ಟೆ ಉಬ್ಬರಿಸದಿದ್ದರೆ ಮೂರು–ನಾಲ್ಕು ದಿನಕ್ಕೊಮ್ಮೆ ಏರಿಸಿ. ಒಮ್ಮೆಲೇ ಕೊಟ್ಟರೆ ಗ್ಯಾಸ್ ತುಂಬಿ, ಇದ್ದ ಹಸಿವೂ ಹೋಗುತ್ತದೆ.

ಜೀವಂತ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಪುಡಿಯನ್ನು ಸ್ವಂತ ನಿರ್ಧಾರದಿಂದ ತರಬೇಡಿ. ಅದು ಮನುಷ್ಯರಲ್ಲಿ ಕರಗಿದ ಸ್ನಾಯುವನ್ನು ಮರಳಿಸುತ್ತದೆಂದು ಸಾಬೀತಾಗಿಲ್ಲ. ಕೀಮೋದಿಂದ ಬಿಳಿರಕ್ತಕಣ ಇಳಿದವರಲ್ಲಿ ಅದೇ ಬ್ಯಾಕ್ಟೀರಿಯಾ ರಕ್ತ ಸೇರುವ ಅಪಾಯವಿದೆ. ಕರಾವಳಿಯ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ತಂಗಳನ್ನವೂ ಅವರಿಗೆ ಬೇಡ.

ಆಗುವಷ್ಟು ನಡಿಗೆ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ದಿನವೂ ಇರಲಿ. ಕೆಲಸವಿಲ್ಲದ ಸ್ನಾಯು ಬೇಗ ಕರಗುತ್ತದೆ. ಹೊಟ್ಟೆ ಬಿಗಿದು, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿರಬಹುದು: ಏನನ್ನೂ ತಿನ್ನಿಸದೆ, ಕಷಾಯವನ್ನೂ ಕುಡಿಸದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.